ಹೊಂಗೆಯ ನೆರಳು ಮತ್ತು ಊರಿನವರ ಹೊಣೆ

ನೀರು, ಗೊಬ್ಬರ, ಬಿತ್ತನೆಯ ಬೀಜ ಇವುಗಳ ವಿಚಾರವಾಗಿ ರೈತವರ್ಗದಲ್ಲಿ ನಡೆಯುವಷ್ಟು ಚರ್ಚೆಯು ನೆರಳಿನ ವಿಚಾರವಾಗಿ ನಡೆಯುವುದಿಲ್ಲ. ನೆರಳೆಂಬುದು ತಾನಾಗಿ ಒದಗತಕ್ಕ ವಸ್ತು, ಅದನ್ನು ಯಾರೂ ಬೆಳೆಯಬೇಕಾಗಿಲ್ಲವೆಂಬ ಭಾವನೆಯು ಬಹುಕಾಲದಿಂದ ನೆಲೆಯೂರಿದೆ. ಆದರೆ ಬಯಲುಸೀಮೆಯ ಅನೇಕ ಗ್ರಾಮಗಳಿಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೋಗಿ ನೋಡಿದವರಿಗೆ ನಿಜಸ್ಥಿತಿಯು ತಿಳಿಯದೆ ಇರದು. ಬಸ್ಸಿಗೆ ಕಾಯುವವರು ತಗಡಿನ ಸೂರಿನ ಕೆಳಗೆ ಬೇಯುತ್ತಿರುತ್ತಾರೆ. ಶಾಲೆಯ ಮಕ್ಕಳು ಗೋಡೆಯ ಮಗ್ಗುಲಿಗೆ ಒತ್ತಿಕೊಂಡು ಕುಳಿತಿರುತ್ತಾರೆ. ಸಾಲ ಮಾಡಿ ತಂದ ಸೀಮೆಹಸುಗಳು ಕೊಟ್ಟಿಗೆಯ ಮುಂದೆ ಬಾಯಿ ತೆರೆದು ಏದುತ್ತಿರುತ್ತವೆ. ಬಿಸಿಲಿನ ಬೇಗೆ ಹೆಚ್ಚಿದಾಗ ಇಂತಹ ಹಸುಗಳು ಮೇವು ತಿನ್ನುವುದನ್ನು ಕಡಿಮೆ ಮಾಡುವುದೂ ಹಾಲು ಇಳಿಯುವುದೂ ಹೈನುಗಾರರೆಲ್ಲರ ಅನುಭವಕ್ಕೆ ಬಂದ ಸಂಗತಿಯೇ ಆಗಿದೆ. ಆದಕಾರಣ ನೆರಳು ಕೇವಲ ಸುಖದ ವಸ್ತುವಲ್ಲ. ಅದು ಊರಿನ ಆಸ್ತಿ.

ಈ ಆಸ್ತಿಯ ಬೆಲೆಯನ್ನು ಹಿಂದಿನವರು ಅರಿತಿದ್ದರು. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ ಮಾವಿನ ತೋಪುಗಳನ್ನು ಬೆಳೆಸಿದುದನ್ನೂ ಅಶೋಕ ಚಕ್ರವರ್ತಿಯು ತನ್ನ 7ನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಕನ್ನಡನಾಡಿನ ಗ್ರಾಮಗಳಲ್ಲಿ ಗುಂಡುತೋಪು, ಅರಳಿಕಟ್ಟೆ, ಸಾಲುಮರ ಎಂಬ ಮಾತುಗಳು ಇನ್ನೂ ಬಳಕೆಯಲ್ಲಿವೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆ ವಿಸ್ತಾರದ ಹಳೆಯ ಹುಣಸೆಯ ತೋಪು ಉಳಿದುಬಂದಿದ್ದು, 2007ರಲ್ಲಿ ಅದನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಆದರೆ ಇಂತಹ ಅದೃಷ್ಟವು ಎಲ್ಲ ತೋಪುಗಳಿಗೂ ಒದಗಲಿಲ್ಲ. ಎಷ್ಟೋ ಊರುಗಳಲ್ಲಿ ಗುಂಡುತೋಪೆಂಬುದು ದಾಖಲೆಯಲ್ಲಿ ಮಾತ್ರ ಉಳಿದು, ನೆಲದ ಮೇಲೆ ಒತ್ತುವರಿಗೋ ಕಟ್ಟಡಕ್ಕೋ ಗುರಿಯಾಗಿದೆ. ರಸ್ತೆಗಳನ್ನು ಅಗಲ ಮಾಡಿದಾಗ ಸಾಲುಮರಗಳು ಉರುಳಿದುವು. ಹೋದ ಮರಗಳಿಗೆ ಬದಲಾಗಿ ಯಾವ ಮರವನ್ನು ನೆಡಬೇಕು, ನೆಟ್ಟುದನ್ನು ಯಾರು ಉಳಿಸಬೇಕು ಎಂಬ ಎರಡು ಪ್ರಶ್ನೆಗಳು ಈಗ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಮುಂದೆ ನಿಂತಿವೆ.

ಯಾವ ಮರ?

ಮೊದಲನೆಯ ಪ್ರಶ್ನೆಗೆ ಪಟ್ಟಣಗಳನ್ನು ನೋಡಿ ಉತ್ತರ ಹೇಳುವವರು ಹೆಚ್ಚು. ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಮರವು ಹೂವಿನಿಂದ ತುಂಬುವಂತೆ ಏರ್ಪಾಡು ಮಾಡಿದವರಲ್ಲಿ, 1908ರಿಂದ 1932ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ ಅವರು ಪ್ರಮುಖರು. ನಗರದ ಸೊಬಗಿಗೆ ಅದು ತಕ್ಕುದೇ ಸರಿ. ಆದರೆ ಅದನ್ನೇ ಅನುಕರಿಸಿ ಹಳ್ಳಿಯ ಶಾಲೆಯ ಅಂಗಳದಲ್ಲಿ ಗುಲ್‌ಮೊಹರನ್ನು ನೆಡುವುದರಿಂದ ಪ್ರಯೋಜನವು ಅಲ್ಪ. ಮಡಗಾಸ್ಕರ್ ದ್ವೀಪದಿಂದ ಬಂದ ಈ ಮರವು ಬೇಗ ಬೆಳೆಯುತ್ತದೆ, ನೋಡಲು ಚೆಲುವಾಗಿಯೂ ಇರುತ್ತದೆ. ಆದರೆ ನೆರಳು ಬೇಕಾದ ಒಣಗಾಲದಲ್ಲಿಯೇ ಎಲೆಯುದುರಿಸಿ ಬಹುದಿನ ಬೋಳಾಗಿ ನಿಲ್ಲುತ್ತದೆ. ಬೇರು ಮೇಲೆ ಮೇಲೆ ಹರಡುವುದು. ಕೊಂಬೆಗಳು ಪೆಡಸಾದುದರಿಂದ ಮುಂಗಾರಿನ ಮೊದಲ ಬಿರುಗಾಳಿಗೆ ಮುರಿದು ಬೀಳುವುವು. ಅಮೆರಿಕ ಖಂಡದಿಂದ ಬಂದ ಮಳೆಮರವು ವಿಶಾಲವಾದ ನೆರಳನ್ನು ಕೊಡುವುದು ನಿಜ. ಆದರೆ ಅದರ ಹರವಿಗೆ ಸಣ್ಣ ಊರಿನ ಬೀದಿಯು ಸಾಲದು. ನೀಲಗಿರಿಯನ್ನು ನೆರಳಿನ ಮರವೆಂದು ಎಣಿಸುವುದೇ ತಪ್ಪು. ಅದನ್ನು ಹೊಸದಾಗಿ ನೆಡುವುದನ್ನು ಕರ್ನಾಟಕ ಸರ್ಕಾರದವರು 2017ರಲ್ಲಿ ನಿಷೇಧಿಸಿದರು.

ಹೀಗಿರುವಲ್ಲಿ ಬಯಲುಸೀಮೆಯ ಊರುಗಳಿಗೆ ಅತ್ಯಂತ ಅನುಕೂಲವಾದ ನೆರಳಿನ ಮರವು ಈ ನಾಡಿನದೇ ಆದ ಹೊಂಗೆ ಎಂಬುದನ್ನು ಎಷ್ಟು ಸಾರಿ ಹೇಳಿದರೂ ಹೆಚ್ಚಾಗದು. ಸಂಸ್ಕೃತದಲ್ಲಿ ಕರಂಜವೆಂದೂ ತಮಿಳಿನಲ್ಲಿ ಪುಂಗವೆಂದೂ ತೆಲುಗಿನಲ್ಲಿ ಕಾನುಗವೆಂದೂ ಇದಕ್ಕೆ ಹೆಸರು. ಸಸ್ಯಶಾಸ್ತ್ರಜ್ಞರು ಇಟ್ಟ ಪೊಂಗಾಮಿಯ ಎಂಬ ಹೆಸರು ದಕ್ಷಿಣದೇಶದ ಹೆಸರಿನಿಂದಲೇ ಹುಟ್ಟಿದುದು. ಹೊಳೆಯ ದಡದಲ್ಲಿಯೂ ಸಮುದ್ರತೀರದಲ್ಲಿಯೂ ತಾನಾಗಿ ಬೆಳೆಯುವ ಈ ಮರವು ಒಣನೆಲಕ್ಕೂ ಒಗ್ಗಿಕೊಳ್ಳುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾಗುವ ಕಡೆಯಲ್ಲಿಯೂ ಬದುಕಬಲ್ಲುದು. ಸ್ವಲ್ಪ ಚೌಳು, ಸ್ವಲ್ಪ ಜೌಗು ಇವನ್ನೂ ತಾಳಬಲ್ಲುದು. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಗಾಳಿಗೆ ಸುಲಭವಾಗಿ ಉರುಳುವುದಿಲ್ಲ.

ಇದರ ಮುಖ್ಯ ಗುಣವು ಎಲೆ ಬದಲಾಯಿಸುವ ಕಾಲದಲ್ಲಿದೆ. ಹೊಂಗೆಯು ಬೇಸಿಗೆಯ ಆರಂಭದಲ್ಲಿ ಎಲೆಯುದುರಿಸಿದರೂ ಕೆಲವೇ ದಿನಗಳೊಳಗೆ ಚಿಗುರಿ, ಯುಗಾದಿಯ ಹೊತ್ತಿಗೆ ಮಿರುಗುವ ಹೊಸ ಎಲೆಯನ್ನು ತುಂಬಿಕೊಂಡು ನಿಲ್ಲುತ್ತದೆ. ಊರಿಗೆಲ್ಲ ನೆರಳು ಬೇಕಾದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇದರ ತಲೆಯು ದಟ್ಟವಾಗಿರುತ್ತದೆ. ಮರವು 40 ಅಡಿಗಳ ಆಸುಪಾಸಿಗೆ ಬೆಳೆದು ಅಗಲಕ್ಕೆ ಹರಡುವುದರಿಂದ ಬೀದಿಗೂ ಅಂಗಳಕ್ಕೂ ಅಳತೆಗೆ ತಕ್ಕುದಾಗಿದೆ. ಆಲ ಮತ್ತು ಅರಳಿ ಪೂಜ್ಯವಾದ ಮರಗಳು. ವಿಶಾಲವಾದ ಬಯಲಿನಲ್ಲಿ ಅವುಗಳಿಗೆ ಸಮಾನವಿಲ್ಲ. ಆದರೆ ಗೋಡೆ, ಬಾವಿ, ಚರಂಡಿಗಳ ಹತ್ತಿರ ಅವುಗಳ ಬೇರು ಉಪದ್ರವಕಾರಿ. ಬೇವು, ನೇರಳೆ, ಹಿಪ್ಪೆ, ಹುಣಸೆ ಇವೂ ಉತ್ತಮವಾದ ಮರಗಳೇ. ಇವುಗಳನ್ನು ಹೊಂಗೆಯ ಜತೆಗೆ ಬೆರಸಿ ನೆಡುವುದು ಲೇಸು. ಒಂದೇ ಜಾತಿಯ ಮರಗಳಿಂದ ಊರನ್ನೆಲ್ಲ ತುಂಬಿದರೆ ರೋಗವೊಂದು ಬಂದಾಗ ಎಲ್ಲವೂ ಕೆಡುವ ಸಂಭವವುಂಟು.

ನೆರಳಿನ ಜತೆಗೆ ಬರುವ ಲಾಭ

ಹೊಂಗೆಯ ಹೂವು ಜೇನುಹುಳುಗಳಿಗೆ ಒಳ್ಳೆಯ ಮೇವು. ಹಸಿಯೆಲೆಯನ್ನು ಗದ್ದೆಗೆ ತುಳಿಯುವ ಪದ್ಧತಿಯು ಪುರಾತನವಾದುದು. ಒಣತೂಕದಲ್ಲಿ ನೂರಕ್ಕೆ ಸುಮಾರು 3 ಪಾಲು ಸಾರಜನಕವು ಈ ಎಲೆಯಲ್ಲಿದೆ. ಬೀಜದಲ್ಲಿ ನೂರಕ್ಕೆ ಸುಮಾರು 30 ಪಾಲು ಎಣ್ಣೆಯಿದ್ದು, ಅದು ಹಿಂದೆ ದೀಪಕ್ಕೂ ಸಾಬೂನಿಗೂ ಬಳಕೆಯಾಗುತ್ತಿತ್ತು. ಈಚೆಗೆ ಡೀಸೆಲ್ ಎಂಜಿನ್ನುಗಳಿಗೆ ಒದಗುವ ಜೈವಿಕ ಇಂಧನವನ್ನೂ ಅದರಿಂದ ತಯಾರಿಸುತ್ತಾರೆ. ಎಣ್ಣೆ ತೆಗೆದ ಹಿಂಡಿಯಲ್ಲಿ ನೂರಕ್ಕೆ ಸುಮಾರು 4 ಪಾಲು ಸಾರಜನಕವಿರುವುದಲ್ಲದೆ, ಮಣ್ಣಿಗೆ ಹಾಕಿದ ಸಾರಜನಕವು ಬೇಗನೆ ನಷ್ಟವಾಗದಂತೆ ತಡೆಯುವ ಗುಣವೂ ಉಂಟು. ಎಣ್ಣೆಯು ಅಡುಗೆಗೆ ಒದಗತಕ್ಕದ್ದಲ್ಲ, ಹಿಂಡಿಯು ದನಗಳ ಮೇವೂ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಇಷ್ಟು ಹೇಳಿದ ಮಾತ್ರಕ್ಕೆ ಹೊಂಗೆಯಿಂದ ಹಣದ ಮಳೆ ಸುರಿಯುವುದೆಂದು ಭಾವಿಸಬಾರದು. ಕರ್ನಾಟಕದಲ್ಲಿ 2009ರ ಜೈವಿಕ ಇಂಧನ ನೀತಿಯು ಬಂದ ಕಾಲದಲ್ಲಿ ಅನೇಕರು ಅಂತಹ ಆಸೆಯನ್ನು ಇಟ್ಟುಕೊಂಡಿದ್ದರು. ಬೀಜದಿಂದ ಬೆಳೆದ ಹೊಂಗೆಯು ಫಲ ಕೊಡಲು 5ರಿಂದ 7 ವರ್ಷ ಬೇಕು. ಫಲವು ಮರದಿಂದ ಮರಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಕಾಯನ್ನು ಆರಿಸಿ, ಒಣಗಿಸಿ, ಬಡಿದು ಬೀಜ ತೆಗೆಯುವುದಕ್ಕೆ ಆಳಿನ ಕೆಲಸವೂ ಹೆಚ್ಚು. ಆದಕಾರಣ ಹೊಂಗೆಯನ್ನು ನೆರಳಿಗಾಗಿ ನೆಡತಕ್ಕದ್ದು. ಬೀಜವೂ ಸೊಪ್ಪೂ ಮೇಲೆ ಬಂದ ಬಡ್ಡಿಯೆಂದು ಎಣಿಸತಕ್ಕದ್ದು. ಬಡ್ಡಿಯ ಆಸೆಗೆ ಅಸಲನ್ನು ಕಳೆದುಕೊಳ್ಳುವ ಒಂದು ಕೆಟ್ಟ ರೂಢಿಯೂ ಇದೆ. ಗದ್ದೆಗೆ ಸೊಪ್ಪು ಬೇಕೆಂದು ದಾರಿಯ ಮರಗಳ ಕೊಂಬೆಗಳನ್ನು ಬುಡಮಟ್ಟ ಸವರಿ, ಮರವನ್ನು ಕಂಬದಂತೆ ನಿಲ್ಲಿಸುವುದೇ ಆ ರೂಢಿ. ಸೊಪ್ಪಿನ ಮರಗಳು ಬೇರೆ, ನೆರಳಿನ ಮರಗಳು ಬೇರೆ ಎಂದು ಊರಿನವರು ಗೊತ್ತುಮಾಡಿಕೊಳ್ಳುವುದು ಅವಶ್ಯ. ಸೊಪ್ಪಿಗಾಗಿ ಬದುವಿನ ಮೇಲೆ ಪ್ರತ್ಯೇಕವಾಗಿ ಹೊಂಗೆಯನ್ನು ಬೆಳೆಸಿಕೊಳ್ಳಲಿ. ದಾರಿಯ ಮರವನ್ನು ಸವರಲೇಬೇಕಾದರೆ ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ, ಮೂರರಲ್ಲಿ ಒಂದು ಪಾಲಿಗೆ ಮೀರದಂತೆ ಸವರಲಿ.

ಎದುರಾಗುವ ಆಕ್ಷೇಪಣೆಗಳು

ಮರದ ನೆರಳಿಗೆ ರಾಗಿಯು ಸೊರಗುವುದೆಂಬುದು ಜಮೀನುದಾರರ ಮೊದಲ ಆಕ್ಷೇಪಣೆ. ಇದರಲ್ಲಿ ಸತ್ಯವಿಲ್ಲವೆಂದು ವಾದಿಸುವುದು ಪ್ರಾಮಾಣಿಕತೆಯಲ್ಲ. ಹೊಂಗೆಯು ದ್ವಿದಳ ಜಾತಿಗೆ ಸೇರಿದುದರಿಂದ ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯಬಲ್ಲುವಾದರೂ, ದಟ್ಟವಾದ ನೆರಳಿನ ಕೆಳಗೆ ಬಿಸಿಲನ್ನು ಬೇಡುವ ಪೈರು ಚೆನ್ನಾಗಿ ಬರುವುದಿಲ್ಲ. ಬೇರಿನಿಂದ ಮರಿಗಳು ಏಳುವ ಸ್ವಭಾವವೂ ಈ ಮರಕ್ಕುಂಟು. ಉಳುವ ನೆಲದ ನಡುವೆ ಅದು ತೊಡಕೇ ಸರಿ. ಆದಕಾರಣ ಪೈರಿನ ಹೊಲದ ನಡುವೆ ಹೊಂಗೆಯನ್ನು ನೆಡಬೇಕೆಂದು ಯಾರೂ ಹೇಳಲಾರರು. ಕಣದ ಮಗ್ಗುಲು, ಪಂಪುಮನೆಯ ಬಳಿ, ಬಂಡಿಜಾಡಿನ ಅಂಚು, ಬೀಳುಬಿಟ್ಟ ಮೂಲೆ ಇವುಗಳಿಲ್ಲದ ಜಮೀನು ಅಪರೂಪ. ಅಲ್ಲಿ ನಿಂತ ಎರಡು ಮರಗಳು ಕಳೆ ಕೀಳುವ ಹೆಣ್ಣಾಳುಗಳಿಗೂ ಹೂಡಿ ಬಿಟ್ಟ ಎತ್ತುಗಳಿಗೂ ವಿಶ್ರಾಂತಿಯ ಸ್ಥಳವಾಗುವುವು. ಕೂಲಿಯಾಳು ಸಿಕ್ಕುವುದೇ ದುರ್ಲಭವಾದ ಈ ಕಾಲದಲ್ಲಿ, ಮಧ್ಯಾಹ್ನ ತಂಪಾಗಿ ಕುಳಿತು ಉಣ್ಣಲು ಸ್ಥಳವಿರುವ ಹೊಲಕ್ಕೆ ಜನರು ಸಂತೋಷದಿಂದ ಬರುವರೆಂಬುದನ್ನು ಜಮೀನುದಾರರು ಯೋಚಿಸುವುದು ಒಳ್ಳೆಯದು.

ಎಲೆಯ ಮೇಲೆ ಗಂಟುಗಳೇಳುವುದು ಎರಡನೆಯ ಆಕ್ಷೇಪಣೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ಎಲೆಯ ಅಂದ ಕೆಡುವುದೇ ಹೊರತು ಬೆಳೆದ ಮರಕ್ಕೆ ಅದರಿಂದ ಪ್ರಾಣಾಪಾಯವಿಲ್ಲ. ಬಂದಳಿಕೆಯು ಹತ್ತಿದಲ್ಲಿ ಮಾತ್ರ ಅಲಕ್ಷ್ಯ ಮಾಡದೆ, ಅದು ಕಾಯಿ ಕಟ್ಟುವ ಮೊದಲೇ ಕೊಂಬೆಸಹಿತ ಕತ್ತರಿಸತಕ್ಕದ್ದು.

ಸ್ಥಳವನ್ನು ಆರಿಸುವುದು

ಸ್ಥಳವನ್ನು ತಪ್ಪಾಗಿ ಆರಿಸಿದುದರಿಂದ ಹಾಳಾಗುವ ಮರಗಳು ಅನೇಕ. ವಿದ್ಯುತ್ ತಂತಿಯ ಕೆಳಗೆ ನೆಟ್ಟ ಮರವು ಹತ್ತು ವರ್ಷದ ಮೇಲೆ ಮೊಂಡಾಗುವುದು ನಿಶ್ಚಯ. ಕೆರೆಯ ಏರಿಯ ಮೇಲೆ ಮರ ನೆಡುವುದು ಅಪಾಯಕರ. ಮರ ಸತ್ತು ಬೇರು ಕೊಳೆತಾಗ ಆ ಜಾಡಿನಲ್ಲಿಯೇ ನೀರು ಜಿನುಗತೊಡಗುತ್ತದೆ. ಮನೆಯ ಗೋಡೆಯಿಂದ 15 ಅಡಿಗಳಿಗೆ ಕಡಿಮೆಯಿಲ್ಲದಂತೆ ದೂರವಿರಲಿ. ಕೊಟ್ಟಿಗೆಗೂ ಶಾಲೆಗೂ ನೆರಳು ಬೇಕಾದುದು ಮಧ್ಯಾಹ್ನದ ಮೇಲಿನ ಬಿಸಿಲಿಗೆ; ಆದಕಾರಣ ಕಟ್ಟಡದ ಪಡುವಲ ದಿಕ್ಕಿನಲ್ಲಿ ನೆಟ್ಟರೆ ಪ್ರಯೋಜನವು ಹೆಚ್ಚು. ಸಾಲುಮರಗಳಾದರೆ ಗಿಡದಿಂದ ಗಿಡಕ್ಕೆ 30 ಅಡಿ ಬಿಡತಕ್ಕದ್ದು. ರಸ್ತೆಯು ಯಾವ ಇಲಾಖೆಗೆ ಸೇರಿದೆಯೋ ಆ ಇಲಾಖೆಯವರ ಅನುಮತಿಯನ್ನು ಮೊದಲೇ ಪಡೆದು, ಮುಂದೆ ರಸ್ತೆ ಅಗಲವಾಗಬಹುದಾದ ನೆಲವನ್ನು ಬಿಟ್ಟು ಹೊರಗಡೆ ನೆಡುವುದು ವಿವೇಕ.

ನೆಡುವ ಕ್ರಮ

ಹೊಂಗೆಯ ಕಾಯಿಯು ಬಲಿಯಲು ಸುಮಾರು 10 ತಿಂಗಳು ಹಿಡಿಯುವುದು. ನೇರವಾದ ಬೊಡ್ಡೆಯೂ ಹರವಾದ ತಲೆಯೂ ಉಳ್ಳ ಆರೋಗ್ಯವಂತವಾದ ಮರವನ್ನು ಗುರುತುಮಾಡಿ, ಬೇಸಿಗೆಯಲ್ಲಿ ಅದರ ಬಲಿತ ಕಾಯಿಗಳಿಂದ ಬೀಜ ತೆಗೆಯಬೇಕು. ಹೊಸ ಬೀಜಕ್ಕೆ ಯಾವ ಸಂಸ್ಕಾರವೂ ಅಗತ್ಯವಿಲ್ಲ. ಮುಕ್ಕಾಲು ಅಂಗುಲ ಆಳಕ್ಕೆ ಊರಿ ನೀರು ಕೊಟ್ಟರೆ ಎರಡು ಮೂರು ವಾರಗಳಲ್ಲಿ ಮೊಳೆಯುವುದು. ಬದುವಿನಲ್ಲಾದರೆ ಗುಣಿಗೆ ಎರಡು ಮೂರು ಬೀಜಗಳನ್ನು ಅಲ್ಲಿಯೇ ಊರುವುದು ಉತ್ತಮ. ತಾಯಿಬೇರು ಅಲುಗದೆ ಇಳಿಯುವುದರಿಂದ ಗಿಡವು ಬರವನ್ನು ಚೆನ್ನಾಗಿ ತಾಳುವುದು. ಜನಸಂಚಾರ ಮತ್ತು ದನಗಳ ಓಡಾಟವಿರುವ ಬೀದಿಗಾದರೆ 5 ಅಡಿ ಬೆಳೆದ ಸಸಿಯೇ ಬೇಕು. ಚೀಲದಲ್ಲಿ ಬಹುಕಾಲ ನಿಂತ ಸಸಿಯ ಬೇರು ತಳದಲ್ಲಿ ಸುತ್ತಿಕೊಂಡಿರುವುದರಿಂದ, ನೆಡುವಾಗ ಚೀಲವನ್ನು ಪೂರ್ತಿಯಾಗಿ ತೆಗೆದು, ಸುತ್ತಿದ ಬೇರನ್ನು ಬಿಡಿಸಿ ಇಲ್ಲವೆ ಕತ್ತರಿಸಿ ನೆಡತಕ್ಕದ್ದು.

ಗುಣಿಯನ್ನು ಮಳೆಗೆ ಮೊದಲೇ, ಮೇ ತಿಂಗಳಲ್ಲಿ, ಎಲ್ಲ ಪಕ್ಕಕ್ಕೂ 2 ಅಡಿಯಂತೆ ತೋಡಿ ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರಸಿ ತುಂಬಿ, ಒಂದೆರಡು ಹದಮಳೆಯಾದ ಮೇಲೆ ಸಸಿಯನ್ನು ನೆಟ್ಟು ಆಸರೆಗೋಲನ್ನು ಕಟ್ಟಬೇಕು. ಕಟ್ಟುವುದಕ್ಕೆ ತಂತಿಯನ್ನು ಬಳಸಕೂಡದು. ಅದು ಬೊಡ್ಡೆಯನ್ನು ಕೊಯ್ಯುತ್ತದೆ. ಸುತ್ತಲೂ ಜಾಲಿಮುಳ್ಳಿನ ಬೇಲಿಯಿರಲಿ. ಮಳೆ ನಿಂತ ಮೇಲೆ ಪಾತಿಗೆ ಒಣಗಿದ ತರಗನ್ನು ಮುಚ್ಚಿದರೆ ತೇವವು ಹೆಚ್ಚು ದಿನ ನಿಲ್ಲುವುದು. ಆ ಮುಚ್ಚಿಗೆಯು ಬೊಡ್ಡೆಗೆ ತಾಗದಂತೆ ನೋಡಿಕೊಳ್ಳಬೇಕು. ಹೊಂಗೆಯು ಬುಡದಿಂದಲೇ ಕವಲೊಡೆಯುವ ಸ್ವಭಾವದ್ದಾದುದರಿಂದ ಒಂದೇ ಬೊಡ್ಡೆಯನ್ನು ಉಳಿಸಿ, ಕೆಳಗಿನ ಕೊಂಬೆಗಳನ್ನು ವರ್ಷಕ್ಕಿಷ್ಟರಂತೆ ತೆಗೆಯುತ್ತಾ, ತಲೆಯು ಆಳೆತ್ತರಕ್ಕಿಂತ ಮೇಲೆ ಹರಡುವಂತೆ ರೂಪಿಸಬೇಕು. ಒಂದೇ ಸಾರಿಗೆ ಎಲ್ಲ ಕೊಂಬೆಗಳನ್ನೂ ಸವರಿದರೆ ಬೊಡ್ಡೆಯು ಬಡಕಲಾಗಿ ಗಾಳಿಗೆ ಬಾಗುವುದು.

ಯಾರು ಉಳಿಸಬೇಕು?

ಇಲ್ಲಿಯವರೆಗೆ ಹೇಳಿದ ಕ್ರಮವು ಬಹುಮಂದಿಗೆ ತಿಳಿಯದುದೇನೂ ಅಲ್ಲ. ತಿಳಿವಳಿಕೆಯ ಕೊರತೆಯಿಂದ ಸಾಯುವ ಸಸಿಗಳಿಗಿಂತ ಒಡೆಯರಿಲ್ಲದೆ ಸಾಯುವ ಸಸಿಗಳೇ ಹೆಚ್ಚು. 1950ರಲ್ಲಿ ಕೇಂದ್ರ ಸರ್ಕಾರದ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವು ಪ್ರತಿವರ್ಷವೂ ಜುಲೈ ತಿಂಗಳಲ್ಲಿ ನಡೆಯುತ್ತಿದೆ. ಆ ದಿವಸ ಸಸಿಯ ಸುತ್ತ ಜನರು ಕಿಕ್ಕಿರಿದಿರುತ್ತಾರೆ. ಫೆಬ್ರವರಿಯಲ್ಲಿ ಅದೇ ಸಸಿಯ ಬಳಿ ಒಂದು ಕೊಡ ನೀರು ಹಿಡಿದು ನಿಲ್ಲುವವರು ಎಲ್ಲಿಯೂ ಕಾಣುವುದಿಲ್ಲ. ಮರುವರ್ಷ ಅದೇ ಗುಣಿಯಲ್ಲಿ ಮತ್ತೊಂದು ಸಸಿಯನ್ನು ನೆಡುವುದೂ ಉಂಟು. ಇದಕ್ಕೆ ಕಾರಣವು ಜನರ ಸೋಮಾರಿತನವಲ್ಲ, ಲೆಕ್ಕ ಮಾಡದಿರುವುದು. 20 ಸಸಿಗಳಿಗೆ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ 26 ವಾರ, ವಾರಕ್ಕೊಂದು ಕೊಡದಂತೆ ನೀರು ಹಾಕಬೇಕಾದರೆ ಒಂದು ಬೇಸಿಗೆಗೆ 520 ಕೊಡ ಬೇಕು. ಇಷ್ಟು ನೀರನ್ನು ಹೊರುವವರಾರೆಂದು ನಿಶ್ಚಯವಾಗದಿದ್ದರೆ 20ನ್ನು ನೆಡುವುದೇ ತಪ್ಪು. 5 ಸಸಿಗಳಿಗೆ 130 ಕೊಡ ಸಾಕು. ಅದು ಒಂದು ಮನೆಯವರಿಂದ ಆಗತಕ್ಕ ಕೆಲಸ. ಎರಡನೆಯ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೂ ನಡೆಯುವುದು. ಮೂರನೆಯದರಲ್ಲಿ ಕಡುಬಿಸಿಲಿನ ದಿನಗಳಿಗೆ ಮಾತ್ರ ಬೇಕಾಗುವುದು. ಮೂರು ಬೇಸಿಗೆಗಳನ್ನು ದಾಟಿದ ಹೊಂಗೆಯನ್ನು ಆ ಮೇಲೆ ಮಳೆಯೇ ಸಾಕುವುದು.

ಈ ಮಾತಿಗೆ ನಿದರ್ಶನವಾಗಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ನೆನೆಯುವುದು ಯುಕ್ತವಾಗಿದೆ. ಆಕೆಯೂ ಪತಿ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸುಮಾರು 4 ಕಿಲೋಮೀಟರುಗಳ ಉದ್ದಕ್ಕೂ ಆಲದ ಸಾಲನ್ನು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದು 2025ರಲ್ಲಿ ನಿಧನರಾದ ಆ ತಾಯಿಯ ಹೆಸರನ್ನು ಅರಿಯದವರಿಲ್ಲ. ಆದರೆ ಆಕೆಯ ಕ್ರಮವನ್ನು ಗಮನಿಸಿದವರು ಕಡಿಮೆ. ಮೊದಲ ವರ್ಷ ಅವರು ನೆಟ್ಟುದು 10 ಗಿಡ, ಮರುವರ್ಷ 15, ಮೂರನೆಯ ವರ್ಷ 20. ನೀರನ್ನು ಕೊಡಗಳಲ್ಲಿ ಹೊತ್ತು ತಂದು ಎರೆದರು. ದನಗಳು ಮೇಯದಂತೆ ಮುಳ್ಳನ್ನು ಕಟ್ಟಿದರು. ತಮ್ಮ ಕೈಗಳಿಂದ ಎಷ್ಟಾಗುವುದೋ ಅಷ್ಟನ್ನೇ ನೆಟ್ಟು, ನೆಟ್ಟುದನ್ನು ಉಳಿಸಿದ ಮೇಲೆ ಮುಂದಿನದಕ್ಕೆ ಕೈಹಾಕಿದುದೇ ಅವರ ಸಿದ್ಧಿಯ ಮೂಲ. ಕೂಲಿ ಮಾಡಿ ಬದುಕುತ್ತಿದ್ದ ದಂಪತಿಗಳಿಂದ ಆದುದು, ಟ್ರಾಕ್ಟರು, ಕೊಳವೆಬಾವಿ, ಆಳುಕಾಳುಗಳುಳ್ಳ ಜಮೀನುದಾರರಿಂದ ಆಗದೆಂದು ಹೇಳಲು ಯಾವ ಕಾರಣವೂ ಇಲ್ಲ.

ಹಿಂದೆ ತೋಪಿನ ಮೇಲೆ ಕಣ್ಣಿಡುವ ಹೊಣೆಯು ಪಟೇಲರದೂ ಶಾನುಭೋಗರದೂ ಆಗಿತ್ತು. 1961ರ ಕಾಯಿದೆಯಿಂದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದುವು; ಹೊಣೆಯು ಮಾತ್ರ ರದ್ದಾಗಲಿಲ್ಲ. ಅದು ಈಗ ಗ್ರಾಮ ಪಂಚಾಯಿತಿಗೂ ಊರಿನ ಹಿರಿಯರಿಗೂ ಸೇರಿದೆ. ಬೆಳೆದ ಮರವನ್ನು ಮನಬಂದಂತೆ ಕಡಿಯುವುದನ್ನು ತಡೆಯಲು 1976ರ ವೃಕ್ಷ ಸಂರಕ್ಷಣಾ ಕಾಯಿದೆಯಿದೆ. ಆದರೆ ನೀರಿಲ್ಲದೆ ಒಣಗುವ ಸಸಿಯನ್ನು ಯಾವ ಕಾಯಿದೆಯೂ ಉಳಿಸಲಾರದು. ಆದಕಾರಣ ಪಂಚಾಯಿತಿಗಳವರು ಮೂರು ಕೆಲಸಗಳನ್ನು ಮಾಡುವುದು ಶ್ರೇಯಸ್ಕರ. ಮೊದಲನೆಯದಾಗಿ, ಗುಂಡುತೋಪಿನ ನೆಲವನ್ನು ಅಳತೆ ಮಾಡಿಸಿ ಗಡಿಕಲ್ಲು ನೆಡಿಸಲಿ. ಎರಡನೆಯದಾಗಿ, ಪ್ರತಿ ಸಸಿಯನ್ನೂ ಒಂದೊಂದು ಮನೆಯ ಹೆಸರಿಗೆ ಬರೆಸಿ, ಮೂರು ಬೇಸಿಗೆಗಳ ಪಾಲನೆಯನ್ನು ಆ ಮನೆಗೆ ಒಪ್ಪಿಸಲಿ. ಮೂರನೆಯದಾಗಿ, ನೀರೆರೆದು ಬೆಳೆಸಿದವರಿಗೇ ಮುಂದೆ ಆ ಮರದ ಬೀಜವನ್ನು ಆರಿಸಿಕೊಳ್ಳುವ ಹಕ್ಕು ದೊರೆಯುವಂತೆ, ನೆಲದ ಒಡೆತನವುಳ್ಳ ಇಲಾಖೆಯ ಒಪ್ಪಿಗೆಯೊಡನೆ, ಸಭೆಯಲ್ಲಿ ನಿರ್ಣಯಿಸಲಿ. ಫಲದಲ್ಲಿ ಪಾಲಿಲ್ಲದವನಿಗೆ ಗಿಡದಲ್ಲಿ ಅಕ್ಕರೆ ಹುಟ್ಟುವುದು ಕಷ್ಟ. ಅದರಲ್ಲಿಯೂ ಜಮೀನಿಲ್ಲದ ಮನೆಗಳಿಗೆ ಈ ಹಕ್ಕು ಸ್ವಲ್ಪವಾದರೂ ನೆರವಾಗುವುದು.

ಹೊಂಗೆಯನ್ನು ನೆಟ್ಟವರು ಬಹುಕಾಲ ಕಾಯಬೇಕಾಗಿಲ್ಲ. ಚೆನ್ನಾಗಿ ಸಾಕಿದ ಗಿಡದ ಕೆಳಗೆ ಕೆಲವೇ ವರ್ಷಗಳಲ್ಲಿ ನಾಲ್ಕು ಜನ ಕುಳಿತುಕೊಳ್ಳಬಹುದು. ಈ ವರ್ಷ ಮುಂಗಾರು ಹಿಡಿಯುವ ಮೊದಲು ಪ್ರತಿಯೊಬ್ಬ ಜಮೀನುದಾರರೂ ತಮ್ಮ ಕಣದ ಬಳಿ 2 ಗುಣಿಗಳನ್ನೂ, ಪ್ರತಿಯೊಂದು ಊರಿನವರೂ ಶಾಲೆಯ ಪಡುವಲಲ್ಲಿ 5 ಗುಣಿಗಳನ್ನೂ ತೋಡಿಸಲಿ. ಅದಕ್ಕಿಂತ ಹೆಚ್ಚು ಬೇಡ. ನೂರು ಸಸಿಗಳನ್ನು ನೆಟ್ಟೆವೆಂದು ಹೇಳಿಕೊಳ್ಳುವ ಊರಿಗಿಂತ, ಐದನ್ನು ಉಳಿಸಿದ ಊರಿನಲ್ಲಿಯೇ ದಾರಿಹೋಕನು ನಿಂತು ದಣಿವಾರಿಸಿಕೊಳ್ಳುವನು.